ಇಡುಗಂಟಿನ ಕಾವಲು

ಚೆನ್ನೈನ ಉತ್ತರದ ಅಂಚಿನಲ್ಲಿರುವ ಮಾಧವರಂನಲ್ಲಿ ಒಂದು ದೀಪಾವಳಿ ಮುಗಿದ ಕೆಲವೇ ವಾರಕ್ಕೆ ಮುಂದಿನ ದೀಪಾವಳಿಯ ಲೆಕ್ಕ ಶುರುವಾಗುತ್ತದೆ. ಅಂಗೈಯಗಲದ ರಟ್ಟಿನ ಕಾರ್ಡು. ಅದರ ಮೇಲೆ ಗೆರೆ ಎಳೆದ ಮನೆಗಳು, ವಾರಕ್ಕೊಂದು ಮನೆ. ನೂರೋ ಇನ್ನೂರೋ ಕಟ್ಟಿದಾಗ ಅಂಗಡಿಯವರು ಆ ವಾರದ ಮನೆಯಲ್ಲಿ ತಾರೀಖು ಬರೆದು ಸಹಿ ಹಾಕುತ್ತಾರೆ. ಹಬ್ಬ ಹತ್ತಿರ ಬಂದಾಗ ಕೂಡಿದ ದುಡ್ಡಿಗೆ ಸಿಹಿ, ಪಟಾಕಿ, ಬಟ್ಟೆ, ಪಾತ್ರೆ, ಕೈ ಗಟ್ಟಿಯಿದ್ದವರಿಗೆ ಒಂದಿಷ್ಟು ಚಿನ್ನ. ತಮಿಳರು ಇದನ್ನು ದೀಪಾವಳಿ ಸೀಟ್ಟು ಎನ್ನುತ್ತಾರೆ. ಕನ್ನಡದವರ ಬಾಯಲ್ಲಿ ಅದು ಚೀಟಿ.

ಮಾಧವರಂ ಸಿರಿವಂತರ ಬಡಾವಣೆಯಲ್ಲ. ಆವಿನ್ ಹಾಲಿನ ಡೇರಿ, ಆಂಧ್ರದ ಕಡೆ ಹೊರಡುವ ಬಸ್ಸುಗಳ ನಿಲ್ದಾಣ, ಕೋಲ್ಕತ್ತ ಹೆದ್ದಾರಿಯ ಮಗ್ಗುಲಿಗೆ ಲಾರಿ ಶೆಡ್ಡುಗಳು, ಗೋದಾಮುಗಳು. 2011ರವರೆಗೆ ಅದು ಚೆನ್ನೈ ಪಾಲಿಕೆಗೂ ಸೇರಿರಲಿಲ್ಲ. ಇಂಥ ಕಡೆ ಉಳಿತಾಯವೆಂದರೆ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಸಿದ್ದು. ಅದು ಇನ್ನೊಬ್ಬರ ಗಲ್ಲಾಪೆಟ್ಟಿಗೆ ಸೇರಿದ ಮೇಲೆ ಕಾಯುವವರು ಯಾರು? ಆ ರಟ್ಟಿನ ಕಾರ್ಡು ಹಿಡಿದ ಕೈಯಲ್ಲೇ ಈಗ ಮೊಬೈಲೂ ಇದೆ, ಅದರಲ್ಲಿ ಕ್ರಿಪ್ಟೊ ಆ್ಯಪ್ ಕೂಡ ಇರಬಹುದು. 100 ರೂಪಾಯಿಗೂ ಬಿಟ್‌ಕಾಯಿನ್ನಿನ ಒಂದು ಚೂರು ಸಿಗುವ ಕಾಲ ಇದು. ಗಂಟು ಬದಲಾಗಿದೆ, ಕಾವಲಿನ ಪ್ರಶ್ನೆ ಹಾಗೇ ಉಳಿದಿದೆ.

ಈ ಪ್ರಶ್ನೆಗೆ ಕನ್ನಡ ನಾಡಿನಲ್ಲಿ ಒಂಬೈನೂರು ವರ್ಷದ ಹಿಂದೆಯೇ ಒಬ್ಬರು ಕೂತು ಉತ್ತರ ಬರೆದಿದ್ದರು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರ. ಆ ಕಲ್ಯಾಣ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಆಸ್ತಿ ಪಾಲಿನ ವಿಚಾರಕ್ಕೆ ಮಿತಾಕ್ಷರದ ಹೆಸರು ಕೇಳದ ವಕೀಲರಿಲ್ಲ. ಆದರೆ ಅದು ವಿವರಿಸುವ ಸ್ಮೃತಿಯಲ್ಲಿ ಇಡುಗಂಟಿನ ಪ್ರಕರಣವೂ ಇದೆ. ಒಳಗೆ ಏನಿದೆ, ಎಷ್ಟಿದೆ ಎಂದು ಹೇಳದೆ ಮುದ್ರೆ ಒತ್ತಿ ಇನ್ನೊಬ್ಬರ ಮನೆಯಲ್ಲಿ ಇಟ್ಟ ಗಂಟಿಗೆ ಉಪನಿಧಿ ಎಂದು ಹೆಸರು. ಅದನ್ನು ರಾಜ ಕಿತ್ತುಕೊಂಡರೆ, ದೈವ ಕೊಂಡೊಯ್ದರೆ, ಕಳ್ಳರು ಕದ್ದರೆ ಇಟ್ಟುಕೊಂಡವನು ಕಟ್ಟಿಕೊಡಬೇಕಿಲ್ಲ. ಆದರೆ ಗಂಟಿನವನು ಬಂದು ಕೇಳಿದಾಗ ಕೊಡದೆ ಇಟ್ಟುಕೊಂಡು, ಆಮೇಲೆ ಅದು ಹೋಯಿತೆಂದರೆ ಬಿಡುವಂತಿಲ್ಲ. ಗಂಟಿನ ಬೆಲೆಯನ್ನೂ ಕೊಡಬೇಕು, ಅಷ್ಟೇ ದಂಡವನ್ನೂ ತೆರಬೇಕು. ಇಟ್ಟುಕೊಂಡವನು ತನ್ನ ಲಾಭಕ್ಕೆ ಅದನ್ನು ಬಳಸಿದರೂ ಶಿಕ್ಷೆ, ಮೇಲೆ ಬಡ್ಡಿ.

ಕಳ್ಳತನವಾದರೆ ನಷ್ಟ ಯಾರದು, ಕೇಳಿದಾಗ ಕೊಡದಿದ್ದರೆ ಏನು, ಬೇರೆಯವರ ಗಂಟನ್ನು ತನ್ನದೆಂಬಂತೆ ಬಳಸಬಹುದೇ. 2024 ಮತ್ತು 2025ರಲ್ಲಿ ಭಾರತದ ಕ್ರಿಪ್ಟೊ ಗ್ರಾಹಕರು ಕೋರ್ಟಿಗೆ ಒಯ್ದದ್ದೂ ಇವೇ ಮೂರು ಪ್ರಶ್ನೆಗಳನ್ನು. ಅದಕ್ಕೆ ಮುಂಚೆ ಮದ್ರಾಸಿನ ಒಂದು ದೊಡ್ಡ ಪೆಟ್ಟಿನ ಕಥೆ ಹೇಳಬೇಕು.

1906ರ ಅಕ್ಟೋಬರ್ 22ರಂದು ಮದ್ರಾಸಿನ ಅರ್ಬತ್‌ನಾಟ್ ಕಂಪನಿ ಬಾಗಿಲು ಹಾಕಿತು. ನೂರು ವರ್ಷದ ಹೆಸರು, ಬಿಳಿಯರ ಆಡಳಿತ, ಸರ್ಕಾರದ ದೊಡ್ಡವರ ಜತೆ ಓಡಾಟ. ಅಲ್ಲಿ ದುಡ್ಡಿಟ್ಟರೆ ಕಲ್ಲಿನ ಮೇಲೆ ಇಟ್ಟಂತೆ ಎಂದು ನಂಬಿದ್ದ ಸಾವಿರಾರು ಜನರ ಉಳಿತಾಯ ಒಂದೇ ದಿನದಲ್ಲಿ ಸಿಕ್ಕಿಬಿತ್ತು. ಮದ್ರಾಸಿನವರು ಕೊಟ್ಟ ದುಡ್ಡು ಅವರಿಗೆ ತಿಳಿಯದಂತೆ ಲಂಡನ್ನಿನ ಪಾಲುದಾರನ ಸಟ್ಟಾ ವ್ಯವಹಾರದಲ್ಲಿ ಕರಗಿತ್ತು. ಕಂಪನಿಯ ಯಜಮಾನ ಸರ್ ಜಾರ್ಜ್ ಅರ್ಬತ್‌ನಾಟ್‌ಗೆ 18 ತಿಂಗಳ ಕಠಿಣ ಸಜೆಯಾಯಿತು. ಠೇವಣಿದಾರರ ಪರ ಓಡಾಡಿದ ವಕೀಲ ವಿ. ಕೃಷ್ಣಸ್ವಾಮಿ ಅಯ್ಯರ್ ಅಲ್ಲಿಗೇ ಸುಮ್ಮನಾಗಲಿಲ್ಲ. ನಮ್ಮವರ ದುಡ್ಡಿಗೆ ನಮ್ಮದೇ ಬ್ಯಾಂಕು ಬೇಕೆಂದು ಊರಿನ ಪ್ರಮುಖರನ್ನು ಸೇರಿಸಿದರು. 1907ರ ಆಗಸ್ಟ್ 15ರಂದು ಇಂಡಿಯನ್ ಬ್ಯಾಂಕ್ ಕೆಲಸ ಶುರುಮಾಡಿತು.

ಆಗ ಮಂಗಳೂರೂ ಮದ್ರಾಸ್ ಪ್ರಾಂತ್ಯದ್ದೇ. ಮದ್ರಾಸಿನಲ್ಲಿ ಕಾನೂನು ಓದಿ ಬಂದ ಅಮ್ಮೆಂಬಳ ಸುಬ್ಬರಾವ್ ಪೈಗಳು ಅಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ತೆರೆದದ್ದು ಅದೇ 1906ರ ಜುಲೈಯಲ್ಲಿ, ಅರ್ಬತ್‌ನಾಟ್ ಬೀಳುವ ಸುಮಾರು ನಾಲ್ಕು ತಿಂಗಳ ಮೊದಲು. ಮುಂದೆ ಕೆನರಾ ಬ್ಯಾಂಕ್ ಆದದ್ದು ಅದೇ. ಪರ್ಮನೆಂಟ್ ಫಂಡ್ ಎಂಬ ಹೆಸರೂ ಮದ್ರಾಸಿಗೆ ಹಳೆಯದು. ಮೈಲಾಪುರದ ಹಿಂದೂ ಪರ್ಮನೆಂಟ್ ಫಂಡ್ 1872ರದು. ಪರಸ್ಪರ ಗುರುತಿದ್ದವರು ದುಡ್ಡು ಕೂಡಿಸಿ, ತಮ್ಮೊಳಗೇ ಸಾಲ ಕೊಟ್ಟುಕೊಳ್ಳುವ ನಿಧಿಗಳು ಇವು. ಊರಿನ ಕಣ್ಣೆದುರು ಲೆಕ್ಕ ಇರುವುದೇ ಅವುಗಳ ಕಾವಲು.

ಸರ್ಕಾರ ಮಾತ್ರ ಪೆಟ್ಟು ಬಿದ್ದ ಮೇಲೆಯೇ ಎದ್ದದ್ದು. ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ 1960ರಲ್ಲಿ ಮುಳುಗಿತು. ಆಮೇಲೆ, 1962ರ ಜನವರಿ 1ರಿಂದ ಬ್ಯಾಂಕ್ ಠೇವಣಿಗೆ ವಿಮೆ ಬಂತು, ಒಬ್ಬರಿಗೆ 1,500 ರೂಪಾಯಿವರೆಗೆ. ಇವತ್ತು ಅದು 5 ಲಕ್ಷ ರೂಪಾಯಿ. ಚೀಟಿಯ ಕಥೆಯೂ ಅದೇ ದಾರಿಯದು. ಮದ್ರಾಸ್ ರಾಜ್ಯ 1961ರಲ್ಲಿ ಚೀಟಿ ಕಾಯ್ದೆ ಮಾಡಿತು. 1982ರಲ್ಲಿ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂತು.

ಆ 1982ರ ಕಾಯ್ದೆಯ ಒಂದು ಮಾತನ್ನು ಇಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಚೀಟಿ ನಡೆಸುವವರನ್ನು ಕಾಯ್ದೆ ಫೋರ್‌ಮನ್ ಎನ್ನುತ್ತದೆ. ಫೋರ್‌ಮನ್ ಒಂದು ಲಕ್ಷದ ಚೀಟಿ ಶುರುಮಾಡಬೇಕಾದರೆ, ಮೊದಲ ಕಂತು ಎತ್ತುವ ಮುಂಚೆಯೇ, ಅಷ್ಟೇ ಮೊತ್ತದ ಭದ್ರತೆಯನ್ನು ರಿಜಿಸ್ಟ್ರಾರ್ ವಶಕ್ಕೆ ಕೊಡಬೇಕು. ಜನರ ದುಡ್ಡು ಮುಟ್ಟುವ ಮೊದಲು ತನ್ನ ದುಡ್ಡು ತೋರಿಸಬೇಕು. ಚೀಟಿ ಮುಗಿದು ಎಲ್ಲರ ಬಾಕಿ ಚುಕ್ತಾ ಆಗುವವರೆಗೆ ಅದು ಬಿಡುಗಡೆಯಾಗುವಂತಿಲ್ಲ. ಬೀದಿಬದಿಯ ದೀಪಾವಳಿ ಸೀಟ್ಟುಗಳು ಬಹುಪಾಲು ಈ ಕಾಯ್ದೆಯ ಕಣ್ಣಿಗೆ ಬೀಳುವುದೇ ಇಲ್ಲ. ಕಾಯ್ದೆ ಇದ್ದ ಊರಿನಲ್ಲೇ ತಿಂಗಳಿಗೆ ಶೇ 25-30ರ ಬಡ್ಡಿ ಆಸೆಗೆ ಜನ ಬಿದ್ದದ್ದೂ ಉಂಟು. ಚೆನ್ನೈನ ಆರುದ್ರ ಗೋಲ್ಡ್ ಪ್ರಕರಣದಲ್ಲಿ ಸುಮಾರು ಒಂದು ಲಕ್ಷ ಜನರಿಂದ 2,438 ಕೋಟಿ ರೂಪಾಯಿ ಎತ್ತಲಾಗಿತ್ತು ಎಂದು ಪೊಲೀಸರು ಹೇಳಿದರು. ಹಾಗಿದ್ದರೂ ನಿಯಮ ಬರೆದಿಟ್ಟದ್ದು ದೊಡ್ಡ ಕೆಲಸವೇ. ಮೋಸ ಹೋದವರು ಯಾರ ಬಾಗಿಲು ತಟ್ಟಬೇಕು ಎಂಬುದಾದರೂ ಅದರಿಂದ ಗೊತ್ತಾಗುತ್ತದೆ.

ಬಿಟ್‌ಕಾಯಿನ್ ಬಂದಾಗ ಆ ಬಾಗಿಲು ಇರಲಿಲ್ಲ. ಭಾರತದಲ್ಲಿ ಈ ವ್ಯಾಪಾರದ ಆರಂಭದ ಅಧ್ಯಾಯ ಬಹಳಷ್ಟು ಕರ್ನಾಟಕದ್ದೇ. 2013ರಲ್ಲಿ ಯುನೋಕಾಯಿನ್ ಎಂಬ ಬಿಟ್‌ಕಾಯಿನ್ ವಿನಿಮಯ ಸಂಸ್ಥೆ ಹುಟ್ಟಿತು. ಬೆಂಗಳೂರು, ತುಮಕೂರು ಅದರ ನೆಲೆ. ಅದೇ ವರ್ಷ ಡಿಸೆಂಬರ್ 14 ಮತ್ತು 15ರಂದು ಬೆಂಗಳೂರಿನಲ್ಲಿ ಬಿಟ್‌ಕಾಯಿನ್ ಸಮಾವೇಶ ನಡೆಯಿತು. ಹತ್ತು ದಿನವೂ ಕಳೆಯಲಿಲ್ಲ, 24ರಂದು ರಿಸರ್ವ್ ಬ್ಯಾಂಕ್ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿತು. ಆ ಎಚ್ಚರಿಕೆಯಲ್ಲಿ ಇದ್ದದ್ದು ಸರಿಯಾದ ಮಾತೇ. ಇದಕ್ಕೆ ಯಾರ ಜಾಮೀನೂ ಇಲ್ಲ, ವಾಲೆಟ್ ಹ್ಯಾಕ್ ಆದರೆ, ಪಾಸ್‌ವರ್ಡ್ ಕಳೆದರೆ ಹೋದದ್ದು ಹೋದಂತೆ, ದೂರು ಕೇಳುವ ಜಾಗವೂ ಇಲ್ಲ ಎಂದಿತು. ಎರಡೇ ದಿನಕ್ಕೆ ಅಹಮದಾಬಾದಿನ ಒಂದು ಬಿಟ್‌ಕಾಯಿನ್ ಮಳಿಗೆಯ ಮೇಲೆ ಜಾರಿ ನಿರ್ದೇಶನಾಲಯದ ದಾಳಿಯಾಯಿತು. ಎಚ್ಚರಿಕೆ ಬಂತು, ದಾಳಿ ಬಂತು, ನಿಯಮ ಬರಲಿಲ್ಲ.

ರಿಸರ್ವ್ ಬ್ಯಾಂಕ್ ಹೇಳಿದ ಅಪಾಯ ತುಮಕೂರಿನಲ್ಲೇ ನಿಜವಾಯಿತು. 2017ರಲ್ಲಿ ಯುನೋಕಾಯಿನ್ನಿನ 60.6 ಬಿಟ್‌ಕಾಯಿನ್ ಕಳುವಾದವು. ಆಗಿನ ಬೆಲೆಯಲ್ಲಿ ಅದು 1.14 ಕೋಟಿ ರೂಪಾಯಿ. ತುಮಕೂರಿನ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. ಬಾಗಿಲು ಮುರಿದಿಲ್ಲ, ಬೀಗ ಒಡೆದಿಲ್ಲ, ಪಂಚನಾಮೆ ಮಾಡಲು ಜಾಗವೇ ಇಲ್ಲ. ಸೈಕಲ್ ಕಳ್ಳತನದಿಂದ ಹಿಡಿದು ಕೊಲೆಯವರೆಗೆ ಎಲ್ಲಕ್ಕೂ ಒಂದು ಸ್ಥಳ ಇರುತ್ತದೆ ಎಂದು ತಿಳಿದಿದ್ದ ವ್ಯವಸ್ಥೆಗೆ ಇದು ಹೊಸದು. ಆ ಪ್ರಕರಣದಲ್ಲಿ ವಿಶೇಷ ತನಿಖಾ ತಂಡ ಬಂಧನ ಮಾಡಿದ್ದು 2024ರಲ್ಲಿ, ಏಳು ವರ್ಷದ ಮೇಲೆ.

ಅಷ್ಟರಲ್ಲಿ 2018 ಬಂದಿತ್ತು. ಆ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಕ್ರಿಪ್ಟೊ ವ್ಯವಹಾರದವರಿಗೆ ಯಾವ ಬ್ಯಾಂಕೂ ಸೇವೆ ಕೊಡಕೂಡದು ಎಂದಿತು. ಬಿಟ್‌ಕಾಯಿನ್ ಇಟ್ಟುಕೊಳ್ಳುವುದು ಅಪರಾಧವಾಗಲಿಲ್ಲ, ಆದರೆ ಅದರ ಅಂಗಡಿಗೆ ಬ್ಯಾಂಕಿನ ದಾರಿ ಮುಚ್ಚಿತು. ಆ ಅಕ್ಟೋಬರಿನಲ್ಲಿ ಯುನೋಕಾಯಿನ್, ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕೆಂಪ್ ಫೋರ್ಟ್ ಮಾಲ್‌ನಲ್ಲಿ ಎಟಿಎಂ ಹೋಲುವ ಒಂದು ಯಂತ್ರ ಇಟ್ಟಿತು. ಬ್ಯಾಂಕಿಲ್ಲದಿದ್ದರೆ ನೋಟನ್ನೇ ನೇರವಾಗಿ ಹಾಕಿ, ನೋಟನ್ನೇ ನೇರವಾಗಿ ತೆಗೆದುಕೊಳ್ಳಿ ಎಂಬುದು ಅದರ ಹಂಚಿಕೆ. ಕೆಲವೇ ದಿನಗಳಲ್ಲಿ ಸಿಸಿಬಿ ಪೊಲೀಸರು ಬಂದರು. ಯಾವ ಇಲಾಖೆಯ ಅನುಮತಿಯೂ ಇಲ್ಲವೆಂದು ಯಂತ್ರ, ಲ್ಯಾಪ್‌ಟಾಪು, ನಗದು ವಶಪಡಿಸಿಕೊಂಡರು, ಸಂಸ್ಥಾಪಕರಲ್ಲಿ ಇಬ್ಬರನ್ನು ಬಂಧಿಸಿದರು. ಅನುಮತಿ ಕೊಡುವ ಇಲಾಖೆ ಯಾವುದು ಎಂದು ಹೇಳುವ ಕಾನೂನು ಆಗ ದೇಶದಲ್ಲಿ ಇರಲಿಲ್ಲ.

ಸುತ್ತೋಲೆ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. 2020ರ ಮಾರ್ಚ್ 4ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ರದ್ದುಮಾಡಿತು. ತೀರ್ಪು ಬರೆದವರು ವಿ. ರಾಮಸುಬ್ರಮಣಿಯನ್, ಮದ್ರಾಸ್ ಹೈಕೋರ್ಟಿನಲ್ಲೇ ವಕೀಲರಾಗಿ, ನ್ಯಾಯಮೂರ್ತಿಯಾಗಿ ಇದ್ದವರು. ರಿಸರ್ವ್ ಬ್ಯಾಂಕಿಗೆ ಅಧಿಕಾರವಿಲ್ಲವೆಂದು ಅವರು ಹೇಳಲಿಲ್ಲ. ಅಧಿಕಾರವಿದೆ, ಆದರೆ ತನ್ನ ಕೈಕೆಳಗಿನ ಸಂಸ್ಥೆಗಳಿಗೆ ಇದರಿಂದ ಇಂಥ ಹಾನಿಯಾಗಿದೆ ಎಂದು ತೋರಿಸದೆ, ಕಾನೂನು ನಿಷೇಧಿಸದ ಒಂದು ವ್ಯಾಪಾರದ ಉಸಿರು ಕಟ್ಟುವುದು ಅಳತೆ ಮೀರಿದ ಕ್ರಮ ಎಂದರು. ವ್ಯಾಪಾರ ಮತ್ತೆ ಎದ್ದಿತು, ಮೊದಲಿಗಿಂತ ಜೋರಾಗಿ. ಕಾವಲು ಮಾತ್ರ ಇನ್ನೂ ಬಂದಿರಲಿಲ್ಲ.

ಆ ವರ್ಷದ ಕೊನೆಗೆ ಬೆಂಗಳೂರಿನಲ್ಲಿ ಇನ್ನೊಂದು ಪ್ರಕರಣ ಸಿಡಿಯಿತು. ಡಾರ್ಕ್‌ನೆಟ್‌ನಲ್ಲಿ ಬಿಟ್‌ಕಾಯಿನ್ ಕೊಟ್ಟು ಮಾದಕ ವಸ್ತು ತರಿಸಿದ ತನಿಖೆಯಲ್ಲಿ ಯುವಕನೊಬ್ಬ ಸಿಕ್ಕಿದ, ಅವನ ಮೇಲೆ ಹ್ಯಾಕಿಂಗಿನ ಸಾಲುಸಾಲು ಆರೋಪಗಳು ಬಂದವು. 2019ರಲ್ಲಿ ಕರ್ನಾಟಕ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ನಿಂದ 11.5 ಕೋಟಿ ರೂಪಾಯಿ ಹೋದದ್ದೂ ಆ ಪಟ್ಟಿಯಲ್ಲಿತ್ತು. 9 ಕೋಟಿ ಬೆಲೆಯ 31 ಬಿಟ್‌ಕಾಯಿನ್ ವಶಪಡಿಸಿಕೊಂಡಿದ್ದೇವೆ ಎಂದು 2021ರ ಜನವರಿಯಲ್ಲಿ ಪೊಲೀಸರು ಹೇಳಿದರು, ಆಮೇಲೆ ಆ ಜಪ್ತಿಯೇ ವಿವಾದಕ್ಕೆ ಬಿತ್ತು. ರಾಜ್ಯದ ರಾಜಕೀಯದಲ್ಲಿ ಅದೇ ಗದ್ದಲ. 2023ರಲ್ಲಿ ಹೊಸ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು, ತನಿಖೆ ನಡೆಸಿದ ಪೊಲೀಸರಲ್ಲೇ ಕೆಲವರು ಆರೋಪಿಗಳಾದರು. ಕಣ್ಣಿಗೆ ಕಾಣದ ಗಂಟನ್ನು ಜಪ್ತಿ ಮಾಡಿ ಯಾವ ಪೆಟ್ಟಿಗೆಯಲ್ಲಿ ಇಡಬೇಕು, ಬೀಗದ ಕೈ ಯಾರ ಹತ್ತಿರ ಇರಬೇಕು ಎಂಬುದು ಠಾಣೆಗೂ ಹೊಸ ಪಾಠವಾಯಿತು.

ಕೊನೆಗೂ ಸರ್ಕಾರ ಬಂದದ್ದು ತೆರಿಗೆಯ ರೂಪದಲ್ಲಿ. 2022ರ ಏಪ್ರಿಲ್ 1ರಿಂದ ಲಾಭದ ಮೇಲೆ ಶೇ 30, ಜುಲೈ 1ರಿಂದ ಪ್ರತಿ ವಹಿವಾಟಿಗೆ ಶೇ 1 ಟಿಡಿಎಸ್. ಒಂದು ನಾಣ್ಯದಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಸೈಬರ್ ಘಟನೆಯಾದರೆ ಆರು ಗಂಟೆಯೊಳಗೆ ತಿಳಿಸಬೇಕೆಂದು ಅದೇ ವರ್ಷ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸಿಇಆರ್‌ಟಿ-ಇನ್ ಆದೇಶಿಸಿತು. 2023ರ ಮಾರ್ಚ್ 7ರಂದು ಕ್ರಿಪ್ಟೊ ಸಂಸ್ಥೆಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದವು. ಒಟ್ಟಿನಲ್ಲಿ ತೆರಿಗೆ ಅಧಿಕಾರಿಗೆ ತನ್ನ ಪಾಲು ಗೊತ್ತಾಯಿತು, ಪೊಲೀಸರಿಗೆ ಗ್ರಾಹಕನ ಹೆಸರು ವಿಳಾಸ ಗೊತ್ತಾಯಿತು. ಗ್ರಾಹಕನ ಗಂಟು ಹೋದರೆ ಯಾರು ಕೊಡಬೇಕು ಎಂಬ ಸಾಲು ಮಾತ್ರ ಎಲ್ಲೂ ಬರೆಯಲ್ಪಡಲಿಲ್ಲ.

2024ರ ಜುಲೈ 18ರಂದು ಆ ಖಾಲಿ ಜಾಗಕ್ಕೆ ದೇಶದ ಲಕ್ಷಾಂತರ ಜನ ಬಿದ್ದರು. ವಜೀರ್‌ಎಕ್ಸ್ ವಿನಿಮಯ ಸಂಸ್ಥೆಯ ಒಂದು ವಾಲೆಟ್ಟಿನಿಂದ ಸುಮಾರು 23.5 ಕೋಟಿ ಡಾಲರ್, ಹತ್ತಿರಹತ್ತಿರ 2,000 ಕೋಟಿ ರೂಪಾಯಿ, ಕಳುವಾಯಿತು. ಆ ವಾಲೆಟ್ಟಿಗೆ ಒಂದೇ ಬೀಗವಿರಲಿಲ್ಲ. ಜಿಲ್ಲಾ ಖಜಾನೆಯ ಭದ್ರ ಕೊಠಡಿಗೆ ಎರಡು ಬೀಗ ಇರುವುದನ್ನು ನೆನೆದರೆ ಇದು ಅರ್ಥವಾಗುತ್ತದೆ. ಒಂದರ ಕೈ ಖಜಾನಾಧಿಕಾರಿಯ ಹತ್ತಿರ, ಇನ್ನೊಂದರದು ಖಜಾಂಚಿಯ ಹತ್ತಿರ, ಇಬ್ಬರೂ ಬಂದರೆ ಮಾತ್ರ ಬಾಗಿಲು. ವಜೀರ್‌ಎಕ್ಸ್ ವಾಲೆಟ್ಟಿಗೆ ಆರು ಕೀಲಿ. ಐದು ಸಂಸ್ಥೆಯವರಲ್ಲಿ, ಒಂದು ಲಿಮಿನಲ್ ಎಂಬ ಕಾಪು ಸಂಸ್ಥೆಯಲ್ಲಿ. ಒಳಗಿನವರ ಮೂರು ಸಹಿ ಮತ್ತು ಲಿಮಿನಲ್ಲಿನ ಒಂದು ಸಹಿ ಕೂಡಿದರೆ ಹಣ ಹೊರಡುತ್ತದೆ. ನಾಲ್ಕು ಸಹಿಯೂ ಬಿದ್ದವು, ಕಳ್ಳರು ಬೇಕಾದ ಕಡೆ. ಪರದೆಯ ಮೇಲೆ ಕಂಡ ವ್ಯವಹಾರ ಒಂದು, ಸಹಿ ಬಿದ್ದ ವ್ಯವಹಾರ ಇನ್ನೊಂದು ಎಂದು ವಜೀರ್‌ಎಕ್ಸ್ ಹೇಳಿತು. ನಮ್ಮ ವ್ಯವಸ್ಥೆಯಲ್ಲಿ ಲೋಪವಿಲ್ಲ ಎಂದಿತು ಲಿಮಿನಲ್. ಖಾಲಿ ಹಾಳೆ ಎಂದು ತೋರಿಸಿ ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಕಥೆಗಳು ಹಳ್ಳಿಗಳಲ್ಲಿ ಎಷ್ಟಿಲ್ಲ! ಇಲ್ಲಿ ಹೆಬ್ಬೆಟ್ಟು ಒತ್ತಿದವರು ನುರಿತ ಇಂಜಿನಿಯರುಗಳು, ಅಷ್ಟೇ ವ್ಯತ್ಯಾಸ. ಕದ್ದವರು ಉತ್ತರ ಕೊರಿಯಾದ ಹ್ಯಾಕರುಗಳೆಂದು 2025ರ ಜನವರಿಯಲ್ಲಿ ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ ಒಟ್ಟಾಗಿ ಹೇಳಿದವು.

ಕಳುವಾದದ್ದು ಸಂಸ್ಥೆಯ ಬಳಿ ಇದ್ದುದರ ಶೇ 45ರಷ್ಟು. ಆದರೆ ಬಾಗಿಲು ಮುಚ್ಚಿದ್ದು ಎಲ್ಲರಿಗೂ. ಆದ ನಷ್ಟವನ್ನು ಎಲ್ಲ ಗ್ರಾಹಕರ ಮೇಲೂ ಹಂಚುವ ಯೋಜನೆಯನ್ನು ಸಂಸ್ಥೆ ಸಿಂಗಾಪುರದ ಕೋರ್ಟಿನ ಮುಂದಿಟ್ಟಿತು. ಕೋರ್ಟು ಅದನ್ನು ಒಪ್ಪಿದ್ದು 2025ರ ಅಕ್ಟೋಬರ್ 13ರಂದು, ಖಾತೆಗಳಲ್ಲಿ ವಹಿವಾಟು ಮತ್ತೆ ಶುರುವಾದದ್ದು 24ರಂದು. ಹದಿನೈದು ತಿಂಗಳು ಜನರ ಗಂಟು ಕೇಳಿದರೂ ಸಿಗಲಿಲ್ಲ.

ಮರುದಿನ, ಅಕ್ಟೋಬರ್ 25ರಂದು, ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಒಂದು ಆದೇಶ ಕೊಟ್ಟರು. ಚೆನ್ನೈನ ಬ್ಯಾಂಕ್ ಖಾತೆಯಿಂದ 1,98,516 ರೂಪಾಯಿ ಕಟ್ಟಿ, 2024ರ ಜನವರಿಯಲ್ಲಿ ವಜೀರ್‌ಎಕ್ಸ್‌ನಲ್ಲಿ 3,532.30 ಎಕ್ಸ್‌ಆರ್‌ಪಿ ನಾಣ್ಯ ಕೊಂಡಿದ್ದ ಗ್ರಾಹಕಿಯೊಬ್ಬರ ಅರ್ಜಿ ಅದು. ಕಳ್ಳರು ಕದ್ದದ್ದು ಇಥೀರಿಯಂ ಜಾಲದ ಟೋಕನ್‌ಗಳನ್ನು, ಆಕೆಯ ಎಕ್ಸ್‌ಆರ್‌ಪಿಯನ್ನು ಮುಟ್ಟಿರಲೇ ಇಲ್ಲ. ಆದರೂ ಆಕೆಯ ಖಾತೆ ಮುಚ್ಚಿತ್ತು, ಬೇರೆಯವರ ನಷ್ಟದಲ್ಲಿ ಆಕೆಯೂ ಪಾಲು ಹೊರಬೇಕೆಂದು ಸಂಸ್ಥೆ ಹೇಳುತ್ತಿತ್ತು. ಹಣ ಹೋದದ್ದು ಚೆನ್ನೈನಿಂದ, ಆದ್ದರಿಂದ ಈ ಅರ್ಜಿ ಕೇಳುವ ಅಧಿಕಾರ ತನಗಿದೆ ಎಂದಿತು ಕೋರ್ಟು. ಕ್ರಿಪ್ಟೊ ಚಲಾವಣೆಯ ನಾಣ್ಯವಲ್ಲ, ಆದರೆ ಅದು ಆಸ್ತಿ, ಒಡೆತನಕ್ಕೆ ಒಳಪಡುವ ಆಸ್ತಿ, ಇನ್ನೊಬ್ಬರ ಪರವಾಗಿ ನಂಬಿಕೆಯ ಮೇಲೆ ಇಟ್ಟುಕೊಳ್ಳಬಹುದಾದ ಆಸ್ತಿ ಎಂದಿತು. 2019ರಲ್ಲಿ ಹ್ಯಾಕ್ ಆದ ಕ್ರಿಪ್ಟೋಪಿಯಾ ಸಂಸ್ಥೆಯ ಬಗ್ಗೆ ನ್ಯೂಜಿಲೆಂಡಿನ ಹೈಕೋರ್ಟ್ ಕೊಟ್ಟ ತೀರ್ಪನ್ನು ಆಧಾರವಾಗಿ ಎತ್ತಿಕೊಂಡಿತು. ಮಧ್ಯಸ್ಥಿಕೆಯ ವಿಚಾರಣೆ ಮುಗಿಯುವವರೆಗೆ 9.56 ಲಕ್ಷ ರೂಪಾಯಿಗೆ ಭದ್ರತೆ ಒದಗಿಸುವಂತೆ ಆದೇಶವಾಯಿತು.

ಕೇಳಿದಾಗ ಕೊಡದೆ ಇಟ್ಟುಕೊಂಡವನಿಗೆ ಕಳ್ಳರ ನೆಪ ಸಲ್ಲದು ಎಂಬ ಆ ಹಳೆಯ ಮಾತು ಇಲ್ಲಿ ನೆನಪಾಗದೆ ಇರದು. ಕಲ್ಯಾಣದಲ್ಲಿ ಬರೆದದ್ದೂ, ಮದ್ರಾಸಿನಲ್ಲಿ ಹೇಳಿದ್ದೂ ಒಂದೇ ತಳಹದಿಯ ಮೇಲೆ ನಿಂತಿದೆ. ಇಟ್ಟವರು ಒಡೆಯರು, ಇಟ್ಟುಕೊಂಡವರು ಕಾವಲುಗಾರರು.

ಆದರೆ ಒಂದು ಆದೇಶದಿಂದ ಒಬ್ಬರ ಗಂಟು ಉಳಿಯುತ್ತದೆ, ಎಲ್ಲರ ಗಂಟಿಗೆ ಕಾನೂನೇ ಬೇಕು. ಜಪಾನ್ ಅದನ್ನು ಮಾಡಿದೆ. 2014ರಲ್ಲಿ ಟೋಕಿಯೊದ ಬಿಟ್‌ಕಾಯಿನ್ ವಿನಿಮಯ ಸಂಸ್ಥೆ ಮೌಂಟ್ ಗಾಕ್ಸ್ ಮುಳುಗಿದ ಮೇಲೆ ಅಲ್ಲಿ ನೋಂದಣಿ ಕಡ್ಡಾಯವಾಯಿತು. 2018ರಲ್ಲಿ ಕಾಯಿನ್‌ಚೆಕ್‌ನಿಂದ 58 ಶತಕೋಟಿ ಯೆನ್ ಹೋದ ಮೇಲೆ ಕಾಯ್ದೆ ಇನ್ನಷ್ಟು ಬಿಗಿಯಾಯಿತು. ಗ್ರಾಹಕರ ನಾಣ್ಯದ ಬಹುಪಾಲನ್ನು ಇಂಟರ್ನೆಟ್ಟಿಗೆ ತಾಗದಂತೆ ಇಡಬೇಕು, ಅಂತರ್ಜಾಲದ ಬಾಯಿಗೆ ಒಡ್ಡಿದ ಭಾಗಕ್ಕೆ ಸರಿಸಮನಾಗಿ ಅದೇ ನಾಣ್ಯವನ್ನು ಸಂಸ್ಥೆ ತನ್ನ ಸ್ವಂತದಿಂದ ಎತ್ತಿಡಬೇಕು. ನಮ್ಮ ಚೀಟಿ ಕಾಯ್ದೆ ಫೋರ್‌ಮನ್‌ನಿಂದ 1982ರಿಂದಲೂ ಕೇಳುತ್ತಿರುವುದು ಇದೇ ಬಗೆಯ ಭದ್ರತೆಯನ್ನು. 2025ರ ಜುಲೈನಲ್ಲಿ ಭಾರತದ ಇನ್ನೊಂದು ವಿನಿಮಯ ಸಂಸ್ಥೆ ಕಾಯಿನ್‌ಡಿಸಿಎಕ್ಸ್‌ನಿಂದ 4.4 ಕೋಟಿ ಡಾಲರ್ ಕಳುವಾದಾಗ ಗ್ರಾಹಕರ ದುಡ್ಡಿಗೆ ಧಕ್ಕೆಯಿಲ್ಲ, ನಷ್ಟ ನಮ್ಮ ಬೊಕ್ಕಸದ್ದು ಎಂದು ಸಂಸ್ಥೆ ಹೇಳಿತು. ಅದು ಒಳ್ಳೆಯ ನಡೆ. ಆದರೆ ಹಾಗೆ ನಡೆಯಲೇಬೇಕೆಂದು ಕಟ್ಟಿಹಾಕುವ ಪ್ರತ್ಯೇಕ ಕಾಯ್ದೆ ಭಾರತದಲ್ಲಿ ಈವರೆಗೆ ಬಂದಿಲ್ಲ. ಲಕ್ಷ ರೂಪಾಯಿಯ ಚೀಟಿಗೆ ಲಕ್ಷದ ಭದ್ರತೆ ಕೇಳುವ ದೇಶ, ಸಾವಿರಾರು ಕೋಟಿ ಇಟ್ಟುಕೊಂಡವರಿಂದ ಅದನ್ನು ಕೇಳದಿರುವುದು ಅನ್ಯಾಯ. ಸಂಸತ್ತು ಇದನ್ನು ಇನ್ನೊಂದು ದೊಡ್ಡ ಕಳ್ಳತನಕ್ಕೆ ಮೊದಲೇ ಸರಿಪಡಿಸಬೇಕು.

ಅಲ್ಲಿಯವರೆಗೆ ದುಡ್ಡು ಹಾಕಿದವರು ಒಂದು ಕೆಲಸ ಮಾಡಬಹುದು. ಚೆನ್ನೈನ ಆ ಗ್ರಾಹಕಿಯ ಅರ್ಜಿ ಹೈಕೋರ್ಟಿನ ಒಳಗೆ ಬಂದದ್ದು ಚೆನ್ನೈ ಖಾತೆಯಿಂದ ಹಣ ಹೋದದ್ದಕ್ಕೆ ದಾಖಲೆ ಇದ್ದುದರಿಂದ. ಖರೀದಿಯ ರಸೀದಿ, ಬ್ಯಾಂಕಿನ ಪಟ್ಟಿ, ಟಿಡಿಎಸ್ ಲೆಕ್ಕ, ಸಂಸ್ಥೆ ಕಳಿಸಿದ ಇಮೇಲ್ ಎಲ್ಲವನ್ನೂ ಮುದ್ರಿಸಿ ಇಟ್ಟುಕೊಳ್ಳಿ. ಮೋಸವಾಯಿತೆಂದು ಅನ್ನಿಸಿದ ಗಳಿಗೆಯಲ್ಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮಾಧವರಂನ ಮನೆಗಳಲ್ಲಿ ಚೀಟಿಯ ಕಾರ್ಡನ್ನು ಜೋಪಾನ ಮಾಡುವಂತೆ ಈ ಕಾಗದಗಳನ್ನೂ ಜೋಪಾನ ಮಾಡಿ.